ಥರ್ಮೋಸ್ಟಾಟ್ ಕಿತ್ತರೆ ಹಳೇ ಪಿಕಪ್ ತಂಪಾಗಲ್ಲ

ವಿಜಯಪುರದ ಬಿಸಿಲಿಗೆ ಹಳೇ ಡೀಸೆಲ್ ಪಿಕಪ್‌ನ ಥರ್ಮೋಸ್ಟಾಟ್ (ಇಂಜಿನ್‌ನ ನೀರು ತಂಪಾಗಲು ರೇಡಿಯೇಟರ್‌ಗೆ ಹೋಗೋದನ್ನು ತಡೆದು ಬಿಡೋ ಕವಾಟ) ಕಿತ್ತುಹಾಕಿದರೆ ಇಂಜಿನ್ ಕಾಯಲ್ಲ ಅನ್ನೋ ಮಾತು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ದಯವಿಟ್ಟು ಹಾಗೆ ಮಾಡಬೇಡಿ.

ಇಂಜಿನ್ ಬಿಸಿಯಾದಾಗ ಥರ್ಮೋಸ್ಟಾಟ್ ತಾನೇ ತೆರೆದುಕೊಳ್ಳುತ್ತದೆ. ಅದನ್ನು ತೆಗೆದರೆ ಇಂಜಿನ್ ಹದಕ್ಕೆ ಬರೋದು ತಡ. ಡೀಸೆಲ್ಲೂ ಜಾಸ್ತಿ, ಸವೆತವೂ ಜಾಸ್ತಿ. ಕೆಲವು ಇಂಜಿನ್‌ಗಳಲ್ಲಿ ನೀರು ರೇಡಿಯೇಟರ್‌ಗೆ ಹೋಗದೆ ತಿರುಗೋ ಬೈಪಾಸ್ ದಾರಿ ತೆರೆದೇ ಉಳಿದು ಇಂಜಿನ್ ಇನ್ನಷ್ಟು ಕಾಯುತ್ತದೆ.

ಥರ್ಮೋಸ್ಟಾಟ್ ಮೇಲೆ ಅನುಮಾನವಿದ್ದರೆ ಅದನ್ನು ಬಿಚ್ಚಿ ದಾರ ಕಟ್ಟಿ, ಪಾತ್ರೆಯ ನೀರಲ್ಲಿ ಇಳಿಬಿಟ್ಟು ಕಾಯಿಸಿ. ಸಾಮಾನ್ಯವಾಗಿ 80 ಡಿಗ್ರಿ ಆಸುಪಾಸಿನಲ್ಲಿ ಬಾಯಿ ಬಿಡಬೇಕು. ಬಿಡದಿದ್ದರೆ ಹೊಸದು ಹಾಕಿ, ಅಷ್ಟೇ.

ನನ್ನ ಗಾಡಿ ಕಾಯುತ್ತಿದ್ದದ್ದು ಬೋರ್‌ವೆಲ್‌ನ ಗಡಸು ನೀರಿನಿಂದ. ರೇಡಿಯೇಟರ್ ಬಿಚ್ಚಿದರೆ ಕೊಳವೆಗಳಲ್ಲಿ ಸುಣ್ಣದಂಥ ಬಿಳಿ ಪದರ! ತೊಳೆಸಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ತುಂಬಿದೆ. ಆಮೇಲೆ ಮೀಟರ್ ಮುಳ್ಳು ಕೆಂಪು ಮುಟ್ಟಿಲ್ಲ.