ಕಿವಿಗೂ ಅಂಕ ಕೊಡುವ ಊರಿನಿಂದ

ಏಪ್ರಿಲ್ ತಿಂಗಳ ಒಂದು ರಾತ್ರಿ, ಹತ್ತು ಗಂಟೆ ಹೊತ್ತಿಗೆ ಪಕ್ಕದ ಮನೆ ಹುಡುಗಿ ನಮ್ಮ ಬಾಗಿಲು ತಟ್ಟಿದಳು. ಕೈಯಲ್ಲಿ ಅಂಗೈ ಅಗಲದ ಒಂದು ರೇಡಿಯೋ. 'ಅಂಕಲ್, ಎರಡು ಸೆಲ್ ಇದ್ದರೆ ಕೊಡ್ತೀರಾ? ಇದಕ್ಕೆ ಹೊಸದು ಹಾಕಿದ್ದೀನಿ. ಆದರೂ ಇನ್ನೆರಡು ಜೇಬಿನಲ್ಲಿರಲಿ ಅಂತ ಟೀಚರ್ ಹೇಳಿದ್ದಾರೆ' ಎಂದಳು. ಮಾರನೇ ದಿನ ಅವಳಿಗೆ ಇಂಗ್ಲಿಷ್ ಪರೀಕ್ಷೆ. ಇಂಗ್ಲಿಷ್ ಪರೀಕ್ಷೆಗೆ ರೇಡಿಯೋ ಯಾಕೆ? ನಾನು ಹಾಂಗ್‌ಕಾಂಗ್‌ಗೆ ಬಂದು ಆಗಲೇ ಎಂಟು ವರ್ಷವಾಗಿತ್ತು. ಆದರೂ ಈ ವಿಷಯ ಗೊತ್ತಿರಲಿಲ್ಲ.

ಇಲ್ಲಿ ಹೈಸ್ಕೂಲು ಆರು ವರ್ಷ. ಕೊನೆಯಲ್ಲಿ ಡಿಎಸ್‌ಇ ಅನ್ನುವ ಪರೀಕ್ಷೆ ಬರೆಯುತ್ತಾರೆ. ನಮ್ಮ ಪಿಯುಸಿ ಇದ್ದ ಹಾಗೆ. 2012ರಲ್ಲಿ ಶುರುವಾದದ್ದು. ಅದರಲ್ಲಿ ಇಂಗ್ಲಿಷ್‌ಗೆ ನಾಲ್ಕು ಪತ್ರಿಕೆ. ಓದಿ ತಿಳಿಯುವುದಕ್ಕೆ ನೂರರಲ್ಲಿ 20, ಬರೆಯುವುದಕ್ಕೆ 25, ಮಾತಿಗೆ 10. ಶಾಲೆಯಲ್ಲೇ ಕೊಡುವ ಅಂಕ 15. ಉಳಿದ 30 ಕೇಳಿಸಿಕೊಂಡು ತಿಳಿಯುವುದಕ್ಕೆ, ಕೇಳಿದ್ದನ್ನು ಹಿಡಿದು ಕೆಲಸ ಮಾಡುವುದಕ್ಕೆ. ಅಂದರೆ ಎಲ್ಲಕ್ಕಿಂತ ದೊಡ್ಡ ಪಾಲು ಕಿವಿಯದ್ದು.

ಆ ದಿನ ಇಲ್ಲಿನ ಸರ್ಕಾರಿ ರೇಡಿಯೋ, ಆರ್‌ಟಿಎಚ್‌ಕೆ, ಪ್ರಶ್ನೆಯ ಧ್ವನಿಯನ್ನು ಇಡೀ ಊರಿಗೆ ಪ್ರಸಾರ ಮಾಡುತ್ತದೆ. ಸುಮಾರು 50 ಸಾವಿರ ಮಕ್ಕಳು ಒಂದೇ ಹೊತ್ತಿಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಾರೆ. ಕೆಲವು ಶಾಲೆಗಳಲ್ಲಿ ಬೇರೆ ವ್ಯವಸ್ಥೆ ಇದೆ. ಆದರೆ ರೇಡಿಯೋ ಹಿಡಿದು ಪರೀಕ್ಷೆಗೆ ಹೋಗುವ ಮಕ್ಕಳು ಈ ಊರಿನ ಗುರುತೇ ಆಗಿಬಿಟ್ಟಿದ್ದಾರೆ. ಶಾಮ್ ಶುಯ್ ಪೋದ ಆಪ್ಲಿಯು ಬೀದಿಯಲ್ಲಿ ಹಳೇ ಎಲೆಕ್ಟ್ರಾನಿಕ್ ಸಾಮಾನಿನ ರಾಶಿ ನಡುವೆ ಇಂಥ ಪುಟ್ಟ ರೇಡಿಯೋಗಳನ್ನು ಸಾಲಾಗಿ ಇಟ್ಟಿರುತ್ತಾರೆ. ನಡುನಡುವೆ ಉತ್ತರ ನೋಡಿಕೊಳ್ಳಲು ಬಿಡುವು ಕೊಟ್ಟಾಗ ಒಂದು ಹಳೇ ಇಂಗ್ಲಿಷ್ ಜಾನಪದ ರಾಗ ಬರುತ್ತದೆ. ಡಿಎಸ್‌ಇಗೂ ಹಿಂದಿನ ಪರೀಕ್ಷೆ ಬರೆದ, ನಲವತ್ತು ದಾಟಿದ ನನ್ನ ಸಹೋದ್ಯೋಗಿಗಳಿಗೂ ಆ ರಾಗ ಕಿವಿಗೆ ಬಿದ್ದರೆ ಇವತ್ತಿಗೂ ಹೊಟ್ಟೆಯಲ್ಲಿ ಕಸಿವಿಸಿಯಾಗುತ್ತದಂತೆ.

ಅವಳಿಗೆ ಸೆಲ್ ಕೊಟ್ಟು ಕಳಿಸಿದೆ. ಅವತ್ತು ರಾತ್ರಿ ನನಗೆ ಅರಸೀಕೆರೆಯಲ್ಲಿರುವ ನನ್ನ ಅಕ್ಕನ ಮಗಳು ನೆನಪಾದಳು.

ಅವಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್‌ಗೆ 92 ಬಂದಿತ್ತು. ಪಿಯುಸಿಯಲ್ಲೂ ಒಳ್ಳೇ ಅಂಕ. ಆಮೇಲೆ ಬೆಂಗಳೂರಿನ ಒಂದು ಎಂಜಿನಿಯರಿಂಗ್ ಕಾಲೇಜಿಗೆ ಸೇರಿದಳು. ಮೊದಲ ತಿಂಗಳು ಫೋನ್ ಮಾಡಿ ಅತ್ತಳು. 'ಮಾಮ, ಬೋರ್ಡ್ ಮೇಲೆ ಬರೆದರೆ ಎಲ್ಲಾ ಅರ್ಥವಾಗುತ್ತೆ. ಬಾಯಲ್ಲಿ ಹೇಳಿದರೆ ಏನೂ ಗೊತ್ತಾಗಲ್ಲ. ಎಲ್ಲರೂ ನಗ್ತಾರೆ, ನಾನೂ ಸುಮ್ನೆ ನಗ್ತೀನಿ.' ಅವಳಿಗೆ ಬುದ್ಧಿ ಕಡಿಮೆ ಇರಲಿಲ್ಲ. ಹನ್ನೆರಡು ವರ್ಷದಲ್ಲಿ ಒಂದು ಸಲವೂ ಅವಳ ಕಿವಿಯನ್ನು ಯಾರೂ ಪರೀಕ್ಷೆ ಮಾಡಿರಲಿಲ್ಲ, ಅಷ್ಟೇ. 92 ಅಂಕ ಬಂದದ್ದು ಕಣ್ಣಿಗೆ, ಕೈಗೆ, ನೆನಪಿಗೆ.

ನಮ್ಮ ಎಸ್ಸೆಸ್ಸೆಲ್ಸಿ ಇಂಗ್ಲಿಷ್ ಪತ್ರಿಕೆ ನೋಡಿ. ಎರಡನೇ ಭಾಷೆಯಾಗಿ ತೆಗೆದುಕೊಂಡವರಿಗೆ 80 ಅಂಕದ ಬರವಣಿಗೆ, 20 ಶಾಲೆಯ ಅಂಕ. ಪ್ರಶ್ನೆಗಳಲ್ಲಿ ಬಹಳಷ್ಟು ಪಠ್ಯಪುಸ್ತಕದ ಪಾಠಗಳ ಮೇಲೆ. ಪದ್ಯದ ನಾಲ್ಕು ಸಾಲನ್ನು ನೆನಪಿನಿಂದ ಬರೆಯುವುದಕ್ಕೂ ಅಂಕ. ಓದದೇ ಇರುವ ಒಂದು ಭಾಗ ಕೊಟ್ಟು ಪ್ರಶ್ನೆ ಕೇಳುತ್ತಾರೆ, ಇಲ್ಲ ಅಂತಲ್ಲ. ಆದರೆ ಅದಕ್ಕೆ ಸಿಗುವ ಅಂಕ ಕಡಿಮೆ. ಗೈಡ್ ತಂದು ಪ್ರಶ್ನೋತ್ತರ ಉರು ಹೊಡೆದರೆ ದಡ ಸೇರಬಹುದು. ನಾನೂ ಹಾಗೇ ಸೇರಿದವನು. ಡಿಎಸ್‌ಇಯ ಓದುವ ಪತ್ರಿಕೆಯಲ್ಲಿ ಬರುವ ಬರಹಗಳನ್ನು ಮಕ್ಕಳು ಪರೀಕ್ಷೆ ದಿನವೇ ಮೊದಲು ನೋಡುವುದು. ಪತ್ರಿಕೆಯ ಲೇಖನ ಇರಬಹುದು, ಯಾರದೋ ಅನುಭವ ಇರಬಹುದು. ಉರು ಹೊಡೆಯಲು ಅಲ್ಲಿ ಏನೂ ಇಲ್ಲ.

ಕೇಳುವ ಪತ್ರಿಕೆಯ ಎರಡನೇ ಭಾಗ ನನಗೆ ಬಹಳ ಹಿಡಿಸಿತು. ಪಕ್ಕದ ಮನೆ ಹುಡುಗಿ ಹಳೇ ಪ್ರಶ್ನೆಪತ್ರಿಕೆ ತೋರಿಸಿದ್ದರಿಂದ ಗೊತ್ತಾಯಿತು. ವಿದ್ಯಾರ್ಥಿ ಒಂದು ಕಚೇರಿಯಲ್ಲೋ ಸಂಘದಲ್ಲೋ ಕೆಲಸಕ್ಕೆ ಇದ್ದಾನೆ ಅಂದುಕೊಳ್ಳಬೇಕು. ಕೈಗೆ ಒಂದು ಕಡತ ಕೊಡುತ್ತಾರೆ. ಅದರಲ್ಲಿ ಇಮೇಲ್, ನೋಟಿಸು, ಪಟ್ಟಿ ಎಲ್ಲಾ ಇರುತ್ತವೆ. ಕಿವಿಯಲ್ಲಿ ಇಬ್ಬರು ಮೂವರು ಮಾತಾಡಿಕೊಳ್ಳುತ್ತಾರೆ. ಅದನ್ನು ಕೇಳುತ್ತಾ ಟಿಪ್ಪಣಿ ಮಾಡಿಕೊಳ್ಳಬೇಕು. ಆಮೇಲೆ ಒಂದೂಕಾಲು ಗಂಟೆ ಸಮಯ. ಕೇಳಿದ್ದನ್ನೂ ಓದಿದ್ದನ್ನೂ ಸೇರಿಸಿ ಒಂದು ಪತ್ರ, ಒಂದು ವರದಿ, ಹೀಗೆ ಬರೆದು ಕೊಡಬೇಕು. ನಾನು ಇಪ್ಪತ್ತು ವರ್ಷದಿಂದ ಆಫೀಸಿನಲ್ಲಿ ಮಾಡುತ್ತಿರುವ ಕೆಲಸ ಇದೇ ಅಲ್ವಾ? ಮೀಟಿಂಗ್‌ನಲ್ಲಿ ಕೂತು ಕೇಳಿ, ಹಳೇ ಇಮೇಲ್ ಹುಡುಕಿ, ಎರಡನ್ನೂ ಹೊಂದಿಸಿ ಬರೆಯುವುದು. ನನಗೆ ಇದನ್ನು ಯಾವ ಶಾಲೆಯೂ ಕಲಿಸಲಿಲ್ಲ. ಇಲ್ಲಿನ ಹದಿನೇಳು ವರ್ಷದ ಮಕ್ಕಳು ಇದನ್ನು ಪರೀಕ್ಷೆಗೆಂದೇ ಅಭ್ಯಾಸ ಮಾಡುತ್ತಾರೆ.

ಮಕ್ಕಳ ತಾಯ್ನುಡಿ ಈ ಪರೀಕ್ಷೆಯಲ್ಲಿ ಎಲ್ಲೆಲ್ಲಿ ಅಡ್ಡ ಬರುತ್ತದೆ ಅಂತ ನಾನು ಅವಳ ಜೊತೆ ಕೂತು ಗಮನಿಸಿದ್ದೇನೆ. ಇಲ್ಲಿನ ಮನೆಮಾತು ಕ್ಯಾಂಟನೀಸ್. ಅದರಲ್ಲಿ ಪದದ ಕೊನೆಯ ಪ, ತ, ಕ ಬಾಯಿಂದ ಹೊರಗೆ ಬರುವುದೇ ಇಲ್ಲ, ಅಲ್ಲೇ ನಿಂತುಬಿಡುತ್ತವೆ. ಎರಡು ವ್ಯಂಜನ ಒಟ್ಟಿಗೆ ಬಂದರೆ ಅವರಿಗೆ ಕಷ್ಟ. ಹಾಗಾಗಿ 'ವರ್ಕ್' ಮತ್ತು 'ವರ್ಕ್ಟ್' ಅವಳ ಕಿವಿಗೆ ಒಂದೇ. ಮೇಲಾಗಿ ಚೀನೀ ಭಾಷೆಯಲ್ಲಿ ಕ್ರಿಯಾಪದ ಕಾಲಕ್ಕೆ ತಕ್ಕ ಹಾಗೆ ರೂಪ ಬದಲಿಸುವುದಿಲ್ಲ. ಅವನು ಹೋದನೋ ಹೋಗುತ್ತಾನೋ ಅನ್ನುವುದನ್ನು ಪದದ ಬಾಲದಲ್ಲಿ ಹುಡುಕುವ ಅಭ್ಯಾಸವೇ ಅವಳಿಗಿಲ್ಲ. 'ಹೀ' ಮತ್ತು 'ಶೀ' ಕೂಡ ಹಾಗೇ. ಮಾತಿನಲ್ಲಿ ಎರಡಕ್ಕೂ ಒಂದೇ ಪದ. ನಮ್ಮ ಮಕ್ಕಳಿಗೆ ಈ ತೊಂದರೆ ಇಲ್ಲ. ಹೋದನು, ಹೋದಳು ಅಂತ ಬಾಲ ಕೇಳಿಯೇ ಬೆಳೆದವರು ನಾವು.

ನಮ್ಮ ತೊಂದರೆ ಬೇರೆ. ಅವರು ಕೊನೆಯನ್ನು ನುಂಗಿದರೆ ನಾವು ಕೊನೆಗೆ ಒಂದು ಸ್ವರ ಸೇರಿಸುತ್ತೇವೆ. ಬಸ್ಸು, ಕಾರು, ಬೆಂಚು. ನಮ್ಮ ಲಿಪಿಯಲ್ಲಿ ಬರೆದದ್ದನ್ನು ಬರೆದ ಹಾಗೇ ಓದುತ್ತೇವೆ. ಇಂಗ್ಲಿಷನ್ನೂ ಹಾಗೇ ಓದಿ ಕಲಿಯುತ್ತೇವೆ. 'ಕಂಫರ್ಟೇಬಲ್' ಎಂದು ಒಂದೊಂದೇ ಅಕ್ಷರ ಬಿಡಿಸಿ ಕಲಿತ ಹುಡುಗಿಗೆ, ಮೇಷ್ಟರು 'ಕಂಫ್ಟಬಲ್' ಅಂದಾಗ ಅದು ಹೊಸ ಪದ. ಕಣ್ಣಿಗೆ ಗೊತ್ತಿರುವ ಪದ ಕಿವಿಗೆ ಗೊತ್ತಿಲ್ಲ. ನನ್ನ ಅಕ್ಕನ ಮಗಳಿಗೆ ಆಗಿದ್ದು ಇದೇ. ಪದಗಳೆಲ್ಲಾ ಅವಳ ಹತ್ತಿರವೇ ಇದ್ದವು, ಕಿವಿಯಲ್ಲಿ ಅವುಗಳ ಗುರುತು ಇರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವರೂ ನಾವೂ ಒಂದೇ ದೋಣಿಯವರು. ಸಂಖ್ಯೆ. ಕೇಳುವ ಪತ್ರಿಕೆಯ ಮೊದಲ ಭಾಗದಲ್ಲಿ ಹೆಸರು, ಸಮಯ, ಸಂಖ್ಯೆ ಇಂಥವನ್ನು ಕೇಳಿ ಬಿಟ್ಟ ಜಾಗ ತುಂಬಬೇಕಾಗುತ್ತದೆ. 'ಟೂ ಹಂಡ್ರೆಡ್ ಅಂಡ್ ಥರ್ಟಿ ಥೌಸಂಡ್' ಅಂದರೆ ನಾನು ತಲೆಯಲ್ಲಿ ಎರಡು ಲಕ್ಷದ ಮೂವತ್ತು ಸಾವಿರ ಮಾಡಿಕೊಳ್ಳಬೇಕು. ಚೀನೀ ಮಕ್ಕಳು ಹತ್ತು ಸಾವಿರದ ಗಂಟು ಕಟ್ಟಿ ಎಣಿಸುತ್ತಾರೆ. ಅವಳಿಗೆ ಅದು ಇಪ್ಪತ್ಮೂರು 'ಮಾನ್'. ಆ ಲೆಕ್ಕ ಮಾಡಿಕೊಳ್ಳುವಷ್ಟರಲ್ಲಿ ಮುಂದಿನ ಎರಡು ವಾಕ್ಯ ಹೋಗಿರುತ್ತದೆ. ಡಿಎಸ್‌ಇಯಲ್ಲಿ ಧ್ವನಿ ಒಂದೇ ಸಲ ಬರುವುದು. ತಪ್ಪಿಸಿಕೊಂಡರೆ ಹೋಯಿತು.

ಇದು ನನಗೆ ಸರಿ ಕಾಣುವುದಿಲ್ಲ. ನಿಜ ಜೀವನದಲ್ಲಿ ಕೇಳಿಸದಿದ್ದರೆ 'ಏನಂದ್ರಿ?' ಅಂತ ಕೇಳುತ್ತೇವೆ. ಗಡಿ ಆಚೆಗಿನ ಚೀನಾದಲ್ಲಿ ಕಾಲೇಜು ಸೇರಲು ಬರೆಯುವ ಗಾವ್‌ಕಾವ್ ಅನ್ನುವ ಪರೀಕ್ಷೆ ಇದೆ. 2024ರಲ್ಲಿ ಅದಕ್ಕೆ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ ಮಂದಿ. ಅಲ್ಲಿನ ರಾಷ್ಟ್ರೀಯ ಪತ್ರಿಕೆಯಲ್ಲಿ ಇಂಗ್ಲಿಷ್‌ನ 150 ಅಂಕದಲ್ಲಿ 30 ಕೇಳುವುದಕ್ಕೆ. ಚಿಕ್ಕ ಮಾತುಕತೆ ಒಂದು ಸಲ, ಉದ್ದನೆಯದು ಎರಡು ಸಲ. ಇದು ನ್ಯಾಯ ಅನಿಸುತ್ತದೆ. ಆ ಹೊತ್ತಿನಲ್ಲಿ ಪರೀಕ್ಷಾ ಕೇಂದ್ರದ ಸುತ್ತ ಹಾರ್ನ್ ಹಾಕುವ ಹಾಗಿಲ್ಲ, ಕಟ್ಟಡದ ಕೆಲಸ ನಿಲ್ಲಿಸುತ್ತಾರೆ. ಬೀಜಿಂಗ್‌ನಲ್ಲಿ 2021ರಿಂದ ಕೇಳುವುದನ್ನೂ ಮಾತಾಡುವುದನ್ನೂ ಸೇರಿಸಿ 50 ಅಂಕ. ಕಂಪ್ಯೂಟರ್ ಮುಂದೆ ಪರೀಕ್ಷೆ, ಎರಡು ಅವಕಾಶ. ಅಲ್ಲಿನವರೇ ತಮ್ಮ ಹಳೇ ಕಲಿಕೆಯನ್ನು 'ಮೂಗ ಇಂಗ್ಲಿಷ್' ಅಂತ ಕರೆದುಕೊಂಡಿದ್ದರು. ಓದಲು ಬರುತ್ತದೆ, ಬಾಯಿ ಬಿಡಲು ಬರುವುದಿಲ್ಲ ಅಂತ. ಅದನ್ನು ಕೊರತೆ ಎಂದು ಒಪ್ಪಿಕೊಂಡರು, ಪರೀಕ್ಷೆಯನ್ನೇ ತಿದ್ದುತ್ತಾ ಬಂದರು.

ಹಾಂಗ್‌ಕಾಂಗ್‌ನದ್ದೆಲ್ಲಾ ಚೆನ್ನ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಟ್ಯೂಷನ್ ಮೇಷ್ಟ್ರುಗಳ ಫೋಟೋ ಬಸ್ಸಿನ ಮೈಮೇಲೆ ಸಿನಿಮಾ ನಟರ ಹಾಗೆ ರಾರಾಜಿಸುತ್ತದೆ. ಸಂಜೆ ಏಳಕ್ಕೆ ಶಾಲೆಯ ಯೂನಿಫಾರಂನಲ್ಲೇ ಮಕ್ಕಳು ಟ್ಯೂಷನ್‌ಗೆ ಲಿಫ್ಟ್ ಹತ್ತುವುದನ್ನು ನೋಡಿದರೆ ಹೊಟ್ಟೆ ಚುರುಕ್ ಅನ್ನುತ್ತದೆ. ಓದುವ ಮತ್ತು ಕೇಳುವ ಪತ್ರಿಕೆಗಳಲ್ಲಿ ಒಂದು ಭಾಗ ಎಲ್ಲರಿಗೂ ಕಡ್ಡಾಯ. ಇನ್ನೊಂದರಲ್ಲಿ ಸುಲಭದ್ದು ಅಥವಾ ಕಷ್ಟದ್ದು ಆರಿಸಿಕೊಳ್ಳಬಹುದು. ಸುಲಭದ್ದು ತೆಗೆದುಕೊಂಡರೆ ಆ ಪತ್ರಿಕೆಯಲ್ಲಿ ಐದು ಹಂತಗಳ ಪೈಕಿ ನಾಲ್ಕನೆಯದಕ್ಕಿಂತ ಮೇಲೆ ಹೋಗುವ ಹಾಗಿಲ್ಲ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಯುವುದಕ್ಕಿಂತ ಇದು ಮೇಲು. ಆದರೆ ಹದಿನೇಳರ ಮಗು ತನ್ನ ಮಿತಿಯನ್ನು ತಾನೇ ಟಿಕ್ ಮಾಡಬೇಕಾಗುತ್ತದೆ. ಪಕ್ಕದ ಮನೆ ಹುಡುಗಿ ಇದೇ ಯೋಚನೆಯಲ್ಲಿ ಎರಡು ವಾರ ಸರಿಯಾಗಿ ನಿದ್ದೆ ಮಾಡಿರಲಿಲ್ಲ.

ಅವಳು ಓದಿದ್ದು ಚೀನೀ ಮಾಧ್ಯಮದ ಶಾಲೆಯಲ್ಲಿ. 1998ರಲ್ಲಿ ಇಲ್ಲಿನ ಸರ್ಕಾರ ಹೈಸ್ಕೂಲುಗಳಿಗೆ ತಾಯ್ನುಡಿ ಮಾಧ್ಯಮ ಅಂದಿತು. 114 ಶಾಲೆಗಳಿಗೆ ಮಾತ್ರ ಇಂಗ್ಲಿಷ್‌ನಲ್ಲಿ ಪಾಠ ಮಾಡಲು ಒಪ್ಪಿಗೆ ಸಿಕ್ಕಿತು. ಅಪ್ಪ ಅಮ್ಮಂದಿರು ಗಲಾಟೆ ಮಾಡಿದರು. 2010ರಿಂದ ನಿಯಮ ಸಡಿಲವಾಯಿತು. ನಮ್ಮ ಮಾಧ್ಯಮದ ಜಗಳ 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬರುವವರೆಗೂ ನಡೆಯಿತಲ್ಲ, ಅದನ್ನು ಕಂಡವರಿಗೆ ಇದೆಲ್ಲಾ ಗುರುತಿನ ಕಥೆ. ಆದರೆ ಒಂದು ವ್ಯತ್ಯಾಸ ಇದೆ. ತಾಯ್ನುಡಿ ಮಾಧ್ಯಮ ತಂದ ಹೊತ್ತಿಗೇ ಇಲ್ಲಿ ಇಂಗ್ಲಿಷ್ ಮನೆಮಾತಿನ ಮೇಷ್ಟ್ರುಗಳನ್ನು ಸರ್ಕಾರಿ ಖರ್ಚಿನಲ್ಲಿ ಹೈಸ್ಕೂಲುಗಳಿಗೆ ಕರೆಸಿಕೊಂಡರು. ವಿಜ್ಞಾನ, ಚರಿತ್ರೆ ತಾಯ್ನುಡಿಯಲ್ಲಿ ಓದಿ, ಇಂಗ್ಲಿಷನ್ನು ಮಾತ್ರ ಚೆನ್ನಾಗಿ ಕಲಿಸುತ್ತೇವೆ ಅಂದರು. ಪಕ್ಕದ ಮನೆ ಹುಡುಗಿ ಭೌತಶಾಸ್ತ್ರವನ್ನು ಚೀನೀ ಭಾಷೆಯಲ್ಲೇ ಓದಿದಳು. ರೇಡಿಯೋದಲ್ಲಿ ಬಂದ ಇಂಗ್ಲಿಷನ್ನೂ ಹಿಡಿದಳು. ನಮ್ಮಲ್ಲಿ ಇಂಗ್ಲಿಷ್ ಬರಬೇಕಾದರೆ ಎಲ್ಲವನ್ನೂ ಇಂಗ್ಲಿಷ್‌ನಲ್ಲೇ ಓದಬೇಕು ಅನ್ನುವ ಹೆದರಿಕೆ ಊರೂರಲ್ಲಿ ಕನ್ನಡ ಶಾಲೆಗಳನ್ನು ಖಾಲಿ ಮಾಡುತ್ತಿದೆ. ಇಂಗ್ಲಿಷ್ ಒಂದು ವಿಷಯವನ್ನು ಕಿವಿ ತೆರೆಯುವ ಹಾಗೆ ಕಲಿಸಿದ್ದರೆ, ಅಷ್ಟು ಮಕ್ಕಳು ಆ ಶಾಲೆಗಳನ್ನು ಬಿಡುತ್ತಿದ್ದರಾ?

ಎಸ್ಸೆಸ್ಸೆಲ್ಸಿಗೆ ಕೂರುವ ಎಂಟು ಲಕ್ಷ ಮಕ್ಕಳಿಗೆ ರೇಡಿಯೋ ಎಲ್ಲಿಂದ ತರುವುದು, ಕರೆಂಟ್ ಹೋದರೆ ಏನು ಮಾಡುವುದು ಅಂತ ಕೇಳಬಹುದು. ಸರಿಯಾದ ಪ್ರಶ್ನೆ. ಕಿವಿ ಕೇಳದ ಮಕ್ಕಳಿಗೆ ಬೇರೆ ದಾರಿಯನ್ನೂ ಮೊದಲೇ ಯೋಚಿಸಬೇಕು. ಅದಕ್ಕೇ ನಾನು ಬೋರ್ಡ್ ಪರೀಕ್ಷೆಯಿಂದ ಶುರು ಮಾಡಿ ಅನ್ನುತ್ತಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ 20 ಅಂಕ ಶಾಲೆಯ ಕೈಯಲ್ಲೇ ಇದೆ. ಪಿಯುಸಿಯಲ್ಲೂ ಈಗ 20 ಇದೆ. ಅದರಲ್ಲಿ ಹತ್ತನ್ನು ಕಿವಿಗೆ ಕೊಡಿ. ಮೇಷ್ಟ್ರ ಫೋನು, ಒಂದು ಸ್ಪೀಕರ್ ಸಾಕು. ಒಂದೇ ಧ್ವನಿ ಎಲ್ಲಾ ಶಾಲೆಗೂ ಹೋಗಲಿ ಅಂದರೆ ಆಕಾಶವಾಣಿ ಇದ್ದೇ ಇದೆ. ಪ್ರೈಮರಿ ಮಕ್ಕಳಿಗೆ 'ಕೇಳಿ ಕಲಿ' ಅಂತ ಪಾಠ ಪ್ರಸಾರ ಮಾಡಿದ ರೇಡಿಯೋ ಅದು. ಕೇಳಿ ಕಲಿಯುವ ವ್ಯವಸ್ಥೆ ಮಾಡಿದೆವು, ಕೇಳಿದ್ದಕ್ಕೆ ಅಂಕ ಮಾತ್ರ ಕೊಡಲಿಲ್ಲ. ಪರೀಕ್ಷೆಯಲ್ಲಿ ಬರದಿದ್ದನ್ನು ಯಾವ ಮೇಷ್ಟ್ರು ಫೆಬ್ರವರಿಯಲ್ಲಿ ಕಲಿಸುತ್ತಾರೆ ಹೇಳಿ?

ಹೋದ ಸಲ ಊರಿಗೆ ಹೋದಾಗ ಅಕ್ಕನ ಮನೆ ಪಡಸಾಲೆಯಲ್ಲಿ ಪಕ್ಕದ ಬೀದಿಯ ಮಕ್ಕಳನ್ನೂ ಸೇರಿಸಿ ಹನ್ನೊಂದು ಜನ ಕೂತಿದ್ದರು. ಎಲ್ಲರೂ ಒಂಬತ್ತು, ಹತ್ತನೇ ತರಗತಿ. ನಾನು ಇಂಗ್ಲಿಷ್‌ನಲ್ಲಿ ಒಂದು ರೈಲಿನ ಸಮಯ, ಎರಡು ಹೆಸರು, ಒಂದು ಫೋನ್ ನಂಬರು, ಒಂದು ದುಡ್ಡಿನ ಮೊತ್ತ ಸೇರಿಸಿ ಒಂದು ನಿಮಿಷ ಮಾತಾಡಿದೆ. ಬರೆದುಕೊಳ್ಳಿ ಅಂದೆ. ಪೂರ್ತಿ ಸರಿ ಬರೆದವರು ಒಬ್ಬರೂ ಇಲ್ಲ. ಹದಿನೈದಕ್ಕೂ ಐವತ್ತಕ್ಕೂ ಆರು ಜನ ಗೊಂದಲ ಮಾಡಿಕೊಂಡಿದ್ದರು. ಅಕ್ಕನ ಮಗಳು ಗೋಡೆಗೆ ಒರಗಿ ನೋಡುತ್ತಿದ್ದಳು. ಈಗ ಅವಳು ಮೂರನೇ ವರ್ಷದ ಎಂಜಿನಿಯರಿಂಗ್. ಮುಂದೆ ಕೂತಿದ್ದ ಹುಡುಗ ಪೆನ್ನು ಹಿಡಿದುಕೊಂಡೇ 'ಮಾಮ, ಇನ್ನೊಂದ್ಸಲ ಹೇಳಿ' ಅಂದ. ನಾನು ಬಾಯಿ ತೆರೆಯುವ ಮೊದಲೇ ಅವಳು ಬಂದು ಮಕ್ಕಳ ನಡುವೆ ಕೂತಳು. 'ನಾನು ಹೇಳ್ತೀನಿ, ಬರ್ಕೊಳ್ಳಿ' ಎಂದಳು.