ಪಿಎಚ್‌ಡಿ ಮಾಡುವವರಿಗೂ ಒಂದು ಪರಿಷತ್ತು ಬೇಕು, ಅದಕ್ಕೊಂದು ಬೈಲಾ ಬೇಕು

ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಚುನಾವಣೆ ಮತ್ತೆ ಬರಬೇಕಾ ಬೇಡ್ವಾ ಅನ್ನುವ ಮಾತು ಆಗಾಗ ಏಳುತ್ತದೆ. ನೇರ ಚುನಾವಣೆ ನಿಂತು ಮೂರು ದಶಕಕ್ಕೂ ಜಾಸ್ತಿ ಆಯಿತು. ಮಾತು ಎದ್ದಾಗಲೆಲ್ಲ ಜನರ ಕಣ್ಣೆದುರು ಬರುವುದು ಡಿಗ್ರಿ ಹುಡುಗರು, ಬಾವುಟ, ಘೋಷಣೆ, ಗಲಾಟೆ. ಬೇಕು ಅನ್ನುವವರೂ ಅವರ ಬಗ್ಗೆಯೇ ಮಾತಾಡುತ್ತಾರೆ, ಬೇಡ ಅನ್ನುವವರೂ ಅಷ್ಟೇ. ಎಂಎಸ್ಸಿ, ಎಂಎ, ಪಿಎಚ್‌ಡಿ ಮಾಡುವವರು ಈ ಚರ್ಚೆಯಲ್ಲಿ ಎಲ್ಲೂ ಇಲ್ಲ. ಅವರಿಗೆ ಅವರದ್ದೇ ಒಂದು ಪರಿಷತ್ತು ಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗ್ಯಾದರಿಂಗ್ ಮಾಡಿ, ಗ್ರೂಪ್ ಫೋಟೊ ತೆಗೆಸಿಕೊಂಡು ಮುಗಿಯುವ ಯೂನಿಯನ್ ಸಾಲುವುದಿಲ್ಲ. ಬೈಲಾ (ಬರೆದಿಟ್ಟ ನಿಯಮಾವಳಿ), ಬಜೆಟ್, ನಡಾವಳಿ ಪುಸ್ತಕ ಮೂರೂ ಇರುವ ಪರಿಷತ್ತು ಬೇಕು.

ಬೇರೆಯೇ ಯಾಕೆ ಅಂತ ಕೇಳಬಹುದು. ಡಿಗ್ರಿ ಓದುವವರ ತೊಂದರೆ ಸಾಮಾನ್ಯವಾಗಿ ಎಲ್ಲರಿಗೂ ಒಂದೇ. ಬಸ್ ಪಾಸ್ ಬಂದಿಲ್ಲ, ರಿಸಲ್ಟ್ ತಡ, ಪರೀಕ್ಷೆ ಮುಂದೆ ಹೋಯಿತು. ನೂರು ಜನ ಒಟ್ಟಿಗೆ ಹೋಗಿ ಪ್ರಿನ್ಸಿಪಾಲರ ಮುಂದೆ ನಿಲ್ಲಬಹುದು. ಸಂಶೋಧನೆ ಮಾಡುವವರ ಕಷ್ಟ ಒಬ್ಬೊಬ್ಬರದು ಒಂದೊಂದು ರೀತಿ. ಒಬ್ಬ ಗೈಡ್, ಒಂದು ಲ್ಯಾಬ್, ಒಂದು ಫೆಲೋಶಿಪ್. ಐದಾರು ವರ್ಷದ ಬದುಕು ನಾಲ್ಕೈದು ಜನರ ಸಹಿಯ ಮೇಲೆ ನಿಂತಿರುತ್ತದೆ. ಒಬ್ಬರೇ ಹೋಗಿ ದೂರು ಕೊಟ್ಟರೆ ಹೆಸರು ಗೊತ್ತಾಗುತ್ತದೆ. ಹೆಸರು ಗೊತ್ತಾದರೆ ಮುಂದಿನ ಸಹಿ ಯಾವಾಗ ಬೀಳುತ್ತದೋ ಅನ್ನುವ ಭಯ. ಹಾಗಾಗಿ ಸುಮ್ನಿರುತ್ತಾರೆ.

ಅಂಕೋಲೆ ಕಡೆಯ ಒಬ್ಬ ಹುಡುಗಿ ನನಗೆ ಪರಿಚಯ. ಯಾವ ಸಂಸ್ಥೆ ಅನ್ನುವುದು ಇಲ್ಲಿ ಬೇಡ. ಅವಳಿಗೆ ಜೆಆರ್‌ಎಫ್, ಅಂದರೆ ಸಂಶೋಧನೆ ಮಾಡುವವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ಫೆಲೋಶಿಪ್, ಸಿಕ್ಕಿತ್ತು. ಆ ಹಣ ಬರುವ ದಾರಿ ಹೀಗಿದೆ. ಪ್ರತಿ ತಿಂಗಳು ಸಂಸ್ಥೆಯ ಕಚೇರಿಯಲ್ಲಿ ಒಬ್ಬರು ಪೋರ್ಟಲ್‌ನಲ್ಲಿ ವಿದ್ಯಾರ್ಥಿಯ ಹೆಸರು ಏರಿಸಬೇಕು. ಅವರಿಗೆ ಮೇಕರ್ ಅನ್ನುತ್ತಾರೆ. ಇನ್ನೊಬ್ಬರು ಅದನ್ನು ನೋಡಿ ಒಪ್ಪಬೇಕು, ಅವರು ಚೆಕರ್. ಇಬ್ಬರಲ್ಲಿ ಒಬ್ಬರು ರಜೆ ಹೋದರೆ, ವರ್ಗವಾದರೆ, ಅಥವಾ ಪಾಸ್‌ವರ್ಡ್ ಕೈಬದಲಾಗದಿದ್ದರೆ ಆ ತಿಂಗಳ ಹಣ ಇಲ್ಲ. ಅವಳಿಗೆ ತಿಂಗಳುಗಟ್ಟಲೆ ಹಾಗೇ ಆಯಿತು. ರೂಮ್ ಬಾಡಿಗೆಗೆ ಅಪ್ಪನನ್ನು ಕೇಳಿದಳು. ಅಪ್ಪ ಮೀನುಗಾರಿಕೆ ಬಂದ್ ಇರುವ ಮಳೆಗಾಲದಲ್ಲಿ ಸಾಲ ಮಾಡಿ ಕೊಟ್ಟರು. "ಅಕ್ಕಾ, ಯಾರನ್ನ ಕೇಳಬೇಕು ಅಂತಲೇ ಗೊತ್ತಾಗ್ತಿಲ್ಲ. ಗೈಡ್ ಹತ್ರ ಹೇಳಿದ್ರೆ ಆಫೀಸಿಗೆ ಹೋಗು ಅಂತಾರೆ, ಆಫೀಸಲ್ಲಿ ಗೈಡ್ ಪತ್ರ ತಾ ಅಂತಾರೆ" ಅಂದಳು. ಅದೇ ಕಟ್ಟಡದಲ್ಲಿ ಅದೇ ತೊಂದರೆಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ಅದು ಅವಳಿಗೆ ಗೊತ್ತಾದದ್ದು ಎಲ್ಲ ಮುಗಿದ ಮೇಲೆ. ಪರಿಷತ್ತು ಅಂತ ಒಂದಿದ್ದರೆ, ಅದರ ಕಾರ್ಯದರ್ಶಿ ಐವರ ಹೆಸರನ್ನೂ ಹೇಳದೆ, "ಈ ತಿಂಗಳ ದೃಢೀಕರಣ ಆಗಿಲ್ಲ" ಅಂತ ರಿಜಿಸ್ಟ್ರಾರ್‌ಗೆ ಒಂದು ಪತ್ರ ಹಾಕಿದ್ದರೆ ಸಾಕಿತ್ತು.

ನಾನು ಉತ್ತರ ಕನ್ನಡ ಜಿಲ್ಲೆಯ ಕುಮಟೆಯವಳು. ಪಿಎಚ್‌ಡಿ ಮಾಡಿದ್ದು ಅಮೆರಿಕದಲ್ಲಿ, ಈಗ ಕಾರವಾರದಲ್ಲಿದ್ದೇನೆ. ಅಮೆರಿಕದಲ್ಲಿದ್ದಾಗ ನಮ್ಮ ವಿಭಾಗದ ಪ್ರತಿನಿಧಿಯಾಗಿ ಪಿಜಿ, ಅಂದರೆ ಡಿಗ್ರಿ ಮುಗಿಸಿ ಮುಂದೆ ಓದುವ ವಿದ್ಯಾರ್ಥಿಗಳ ಪರಿಷತ್ತಿನಲ್ಲಿ ಕೂತಿದ್ದೆ. ಅಮೆರಿಕದ ಹೆಚ್ಚಿನ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಡಿಗ್ರಿಯವರ ಸಂಘ ಬೇರೆ, ಪಿಜಿಯವರದು ಬೇರೆ. ಎಂಐಟಿಯಲ್ಲಿ ಗ್ರಾಜುಯೇಟ್ ಸ್ಟೂಡೆಂಟ್ ಕೌನ್ಸಿಲ್ ಇದೆ, ಬರ್ಕ್ಲಿಯಲ್ಲಿ ಗ್ರಾಜುಯೇಟ್ ಅಸೆಂಬ್ಲಿ. ಹೆಸರು ಬೇರೆಯಾದರೂ ಕಟ್ಟೋಣ ಸುಮಾರು ಒಂದೇ. ವಿಭಾಗಗಳು ತಮ್ಮ ಪ್ರತಿನಿಧಿಗಳನ್ನು ಆರಿಸಿ ಕಳಿಸುತ್ತವೆ. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಅಂತ ಪದಾಧಿಕಾರಿಗಳು. ಕೆಳಗೆ ವಸತಿ, ಪ್ರಯಾಣ ಸಹಾಯಧನ, ಶೈಕ್ಷಣಿಕ ವಿಷಯ ಅಂತ ಉಪಸಮಿತಿಗಳು. ಹಣ ಬರುವುದು ವಿದ್ಯಾರ್ಥಿಗಳಿಂದಲೇ. ಫೀಸಿನ ಜೊತೆ ಒಂದು ಸಣ್ಣ ಮೊತ್ತ ಸೇರಿರುತ್ತದೆ, ಅದನ್ನು ಹೇಗೆ ಖರ್ಚು ಮಾಡಬೇಕು ಅಂತ ಪರಿಷತ್ತು ಮತ ಹಾಕಿ ತೀರ್ಮಾನ ಮಾಡುತ್ತದೆ.

ತಿಂಗಳಿಗೊಂದು ಸಭೆ, ಸಂಜೆ ಹೊತ್ತು. ಬಾಗಿಲ ಹತ್ತಿರ ಮೇಜಿನ ಮೇಲೆ ಪಿಜ್ಜಾ, ಅದರ ಪಕ್ಕ ವಿಭಾಗಗಳ ಹೆಸರು ಬರೆದ ರಟ್ಟಿನ ಫಲಕಗಳು. ನಿಮ್ಮ ಫಲಕ ಎತ್ತಿಕೊಂಡು ಹೋಗಿ ಕೂರಬೇಕು. ಮತ ಹಾಕುವಾಗ ಅದನ್ನೇ ಎತ್ತಿ ಹಿಡಿಯಬೇಕು. ಮೊದಲ ಕೆಲಸ ಕೋರಂ, ಅಂದರೆ ಸಭೆಗೆ ಬೇಕಾದ ಕನಿಷ್ಠ ಹಾಜರಿ, ಎಣಿಸುವುದು. ಕೋರಂ ಆಗದಿದ್ದರೆ ಮಾತು ನಡೆಯಬಹುದು, ಮತ ನಡೆಯುವಂತಿಲ್ಲ. ಠರಾವಿಗೆ ಸೂಚಕರು ಬೇಕು, ಅನುಮೋದಕರು ಬೇಕು. ಈ ಕ್ರಮವೆಲ್ಲ ಹೆನ್ರಿ ರಾಬರ್ಟ್ ಅನ್ನುವ ಸೇನಾಧಿಕಾರಿ 1876ರಲ್ಲಿ ಬರೆದ ಸಭಾ ನಿಯಮಗಳಿಂದ ಬಂದದ್ದು.

ಒಂದು ಸಲ ಪ್ರಯಾಣ ಸಹಾಯಧನದ ಮೇಲೆ ದೊಡ್ಡ ಚರ್ಚೆಯಾಯಿತು. ಸಮ್ಮೇಳನಕ್ಕೆ ಹೋಗಿ ಪೇಪರ್ ಓದುವವರಿಗೆ ಪರಿಷತ್ತು ಒಂದಷ್ಟು ಹಣ ಕೊಡುತ್ತಿತ್ತು. ಮೊದಲು ಅರ್ಜಿ ಹಾಕಿದವರಿಗೆ ಮೊದಲು ಅನ್ನುವ ನಿಯಮ. ಇತಿಹಾಸ ವಿಭಾಗದ ಒಬ್ಬಳು ಎದ್ದು ನಿಂತಳು. "ವಿಜ್ಞಾನದವರಿಗೆ ಗೈಡ್‌ಗಳ ಪ್ರಾಜೆಕ್ಟ್ ಹಣ ಇರುತ್ತದೆ. ನಮಗೆ ಇದು ಬಿಟ್ಟರೆ ಬೇರೆ ದಾರಿಯೇ ಇಲ್ಲ" ಅಂದಳು. ರಸಾಯನಶಾಸ್ತ್ರದವನು ಒಪ್ಪಲಿಲ್ಲ, ಎಲ್ಲ ಗೈಡ್‌ಗಳಿಗೂ ಹಣ ಇರುವುದಿಲ್ಲ ಅಂದ. ಖಜಾಂಚಿ ಹಿಂದಿನ ವರ್ಷದ ಪಟ್ಟಿ ಪರದೆ ಮೇಲೆ ಹಾಕಿದಳು. ಒಬ್ಬರೇ ಎರಡೆರಡು ಸಲ ತೆಗೆದುಕೊಂಡದ್ದು ಕಾಣುತ್ತಿತ್ತು. ಕೊನೆಗೆ ಠರಾವಾಯಿತು. ಮೊದಲ ಸಲ ಕೇಳುವವರಿಗೆ ಆದ್ಯತೆ, ಬೇರೆ ಕಡೆಯಿಂದ ಹಣ ಇಲ್ಲ ಅಂತ ಬರೆದುಕೊಡುವವರಿಗೆ ಇನ್ನೂ ಹೆಚ್ಚು ಆದ್ಯತೆ. ಸಭೆ ಮುಗಿಯುವಾಗ ರಾತ್ರಿ ಆಗಿತ್ತು. ಯಾರೂ ಪೂರ್ತಿ ಖುಷಿಯಾಗಿರಲಿಲ್ಲ. ಆದರೆ ನಿಯಮ ಬದಲಾಗಿತ್ತು, ಯಾಕೆ ಬದಲಾಯಿತು ಅನ್ನುವುದು ಎರಡು ದಿನದಲ್ಲಿ ನಡಾವಳಿಯಾಗಿ ಎಲ್ಲರ ಕೈಗೆ ಬಂತು.

ಇದಕ್ಕಿಂತ ನನಗೆ ಮುಖ್ಯ ಅನಿಸಿದ್ದು ಇನ್ನೊಂದು. ಗ್ರಂಥಾಲಯ, ವಸತಿ, ಆರೋಗ್ಯ ವಿಮೆ, ಇಂಥ ಸಮಿತಿಗಳಲ್ಲಿ ಪರಿಷತ್ತು ಕಳಿಸಿದ ವಿದ್ಯಾರ್ಥಿಗೆ ಒಂದು ಕುರ್ಚಿ ಇರುತ್ತಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಲ್ಲೇ ಮತ ಹಾಕುವ ಹಕ್ಕಿರುವ ಒಬ್ಬ ವಿದ್ಯಾರ್ಥಿ ಇರುವ ಪದ್ಧತಿ 1975ರಿಂದ ನಡೆದುಬಂದಿದೆ. ಫೀಸ್ ಏರಿಸುವ ಸಭೆಯಲ್ಲಿ ಫೀಸ್ ಕಟ್ಟುವವರೊಬ್ಬರು ಕೂತಿರುತ್ತಾರೆ.

ಪರಿಷತ್ತಿಗೂ ಕಾರ್ಮಿಕ ಸಂಘಕ್ಕೂ ವ್ಯತ್ಯಾಸ ಇದೆ, ಅದನ್ನೂ ಹೇಳಬೇಕು. ಪರಿಷತ್ತು ಶಿಫಾರಸು ಮಾಡಬಹುದು, ತನ್ನ ಹಣ ಖರ್ಚು ಮಾಡಬಹುದು. ಸ್ಟೈಪೆಂಡ್ ಚೌಕಾಸಿ ಮಾಡುವ ಕಾನೂನು ಬಲ ಅದಕ್ಕಿಲ್ಲ. ಅದಕ್ಕೇ ಅಲ್ಲಿ ಸಂಘಗಳೂ ಹುಟ್ಟಿದವು. ಪಾಠ ಮಾಡುವ, ಸಂಶೋಧನೆ ಮಾಡುವ ವಿದ್ಯಾರ್ಥಿಗಳೂ ನೌಕರರೇ ಅಂತ ಅಮೆರಿಕದ ಕಾರ್ಮಿಕ ಮಂಡಳಿ 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಹೇಳಿತು. 2022ರ ಏಪ್ರಿಲ್‌ನಲ್ಲಿ ಎಂಐಟಿಯವರು ಮತ ಹಾಕಿ ಸಂಘ ಕಟ್ಟಿಕೊಂಡರು. ಅದೇ ವರ್ಷದ ಕೊನೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಪಾಠ, ಸಂಶೋಧನೆ ಮಾಡುವ ಸುಮಾರು 48,000 ಜನ ಮುಷ್ಕರ ಹೂಡಿದರು. ನಮ್ಮಲ್ಲಿ ಜೆಆರ್‌ಎಫ್ 2019ರಲ್ಲಿ 25,000ದಿಂದ 31,000 ರೂಪಾಯಿಗೆ ಏರಿದ್ದು ದೇಶದ ಬೇರೆಬೇರೆ ಕಡೆ ಸಂಶೋಧಕರು ಬೀದಿಗೆ ಇಳಿದ ಮೇಲೆ. 2023ರ ಜನವರಿಯಿಂದ ಅದು 37,000. ದೆಹಲಿಯಲ್ಲಿ ಆದೇಶ ಬಂದರೂ ಅದು ಕಾರವಾರದ ಹುಡುಗಿಯ ಖಾತೆಗೆ ಸಮಯಕ್ಕೆ ಬೀಳುವಂತೆ ನೋಡಿಕೊಳ್ಳಲು ಇಲ್ಲಿಯೇ ಯಾರಾದರೂ ಬೇಕಲ್ವಾ?

ನಮ್ಮ ದೇಶದಲ್ಲಿ ಮಾದರಿ ಇಲ್ಲ ಅಂತಲ್ಲ. ಐಐಟಿ ಬಾಂಬೆಯಲ್ಲಿ ಪಿಜಿಯವರ ಶೈಕ್ಷಣಿಕ ವಿಷಯಕ್ಕೇ ಪ್ರತ್ಯೇಕ ಜನರಲ್ ಸೆಕ್ರೆಟರಿ ಇದ್ದಾರೆ. ಐಐಟಿ ಮದ್ರಾಸಿನಲ್ಲಿ ಸಂಶೋಧನಾ ವ್ಯವಹಾರಗಳ ಕಾರ್ಯದರ್ಶಿ ಅನ್ನುವ ಹುದ್ದೆಯೇ ಇದೆ. ಉಳಿದ ಕಡೆಗೆ ಚುನಾವಣೆಯ ನಿಯಮ ಅಂದರೆ ಲಿಂಗ್ಡೋ ಸಮಿತಿಯದು. ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಅವರ ವರದಿಯನ್ನು 2006ರಲ್ಲಿ ಸುಪ್ರೀಂ ಕೋರ್ಟ್ ಜಾರಿಗೆ ತರಲು ಹೇಳಿತು. ಅದರಲ್ಲಿ ಒಳ್ಳೆಯದು ಬಹಳ ಇದೆ. ಒಬ್ಬ ಅಭ್ಯರ್ಥಿ 5,000 ರೂಪಾಯಿ ಮೀರಿ ಖರ್ಚು ಮಾಡುವಂತಿಲ್ಲ. ಅಚ್ಚು ಹಾಕಿಸಿದ ಪೋಸ್ಟರ್ ಇಲ್ಲ, ಕೈಯಲ್ಲಿ ಬರೆದದ್ದು ಮಾತ್ರ. ಇಡೀ ಪ್ರಕ್ರಿಯೆ ಹತ್ತು ದಿನದೊಳಗೆ ಮುಗಿಯಬೇಕು. ಫಲಿತಾಂಶ ಬಂದು ಎರಡು ವಾರದಲ್ಲಿ ಖರ್ಚಿನ ಲೆಕ್ಕ ಕೊಡಬೇಕು.

ಆದರೆ ಸಂಶೋಧಕರ ವಿಷಯಕ್ಕೆ ಬಂದರೆ ಆ ನಿಯಮ ಹೊಂದುವುದಿಲ್ಲ. ಸಂಶೋಧಕರು ಸ್ಪರ್ಧಿಸಲು ವಯಸ್ಸಿನ ಮಿತಿ 28. ನಮ್ಮ ಜಿಲ್ಲೆಯಲ್ಲಿ ಎಷ್ಟೋ ಜನ ಎಂಎಸ್ಸಿ ಮುಗಿಸಿ, ನಾಲ್ಕೈದು ವರ್ಷ ಅತಿಥಿ ಉಪನ್ಯಾಸಕರಾಗಿ ದುಡಿದು, ಮನೆಯ ಜವಾಬ್ದಾರಿ ಸ್ವಲ್ಪ ಇಳಿದ ಮೇಲೆ ಪಿಎಚ್‌ಡಿಗೆ ಸೇರುತ್ತಾರೆ. ಹೆಣ್ಣುಮಕ್ಕಳಲ್ಲಂತೂ ಮದುವೆ, ಮಗು ಆದ ಮೇಲೆ ಬರುವವರು ಜಾಸ್ತಿ. ಅವರಿಗೆ ಮತ ಇರಬಹುದು, ಸ್ಪರ್ಧೆ ಇಲ್ಲ. 75 ಪರ್ಸೆಂಟ್ ಹಾಜರಾತಿ ಅನ್ನುವುದೂ ಹಾಗೇ. ಕಡಲ ಜೀವಿಗಳ ಸಂಶೋಧನೆಗೆ, ಸಮುದ್ರದ ಇಳಿತದ ಹೊತ್ತು ನೋಡಿಕೊಂಡು ಬೆಳಗಿನ ಜಾವ ಬಂಡೆಗಳ ಮೇಲೆ ಚಿಪ್ಪು ಎಣಿಸುವವಳ ಹಾಜರಾತಿ ಯಾವ ರಿಜಿಸ್ಟರಿನಲ್ಲಿ ಬರುತ್ತದೆ? ಈ ಎರಡನ್ನೂ ಬದಲಿಸಬೇಕು. ನೋಂದಣಿ ಚಾಲ್ತಿಯಲ್ಲಿದ್ದರೆ ಸ್ಪರ್ಧಿಸಬಹುದು ಅಂತಿಟ್ಟರೆ ಸಾಕು.

ಈಗಿರುವ ನಿಯಮಗಳಲ್ಲೇ ಎರಡು ಬಾಗಿಲು ತೆರೆದಿವೆ. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಕೇಂದ್ರದ ಸಂಸ್ಥೆ ಯುಜಿಸಿ. ಲೈಂಗಿಕ ಕಿರುಕುಳ ತಡೆಯುವ ಅದರ 2015ರ ನಿಯಮದಲ್ಲಿ, ವಿದ್ಯಾರ್ಥಿಗಳ ವಿಷಯ ಬಂದಾಗ ಆಂತರಿಕ ದೂರು ಸಮಿತಿಯಲ್ಲಿ ಮೂವರು ವಿದ್ಯಾರ್ಥಿಗಳು ಇರಬೇಕು ಅಂತಿದೆ. ಡಿಗ್ರಿ, ಪಿಜಿ, ಸಂಶೋಧನೆ ಮೂರೂ ಹಂತದಿಂದ ಒಬ್ಬೊಬ್ಬರು. ಅವರು ಪಾರದರ್ಶಕವಾಗಿ, ಪ್ರಜಾಸತ್ತಾತ್ಮಕವಾಗಿ ಚುನಾಯಿತರಾಗಿರಬೇಕು ಅಂತಲೂ ಇದೆ. ನಿಮ್ಮ ಕಾಲೇಜಿನಲ್ಲಿ ಆ ಚುನಾವಣೆ ಯಾವಾಗ ನಡೆಯಿತು, ಕೇಳಿ ನೋಡಿ. ಇನ್ನೊಂದು, ವಿದ್ಯಾರ್ಥಿಗಳ ದೂರು ವಿಚಾರಿಸುವ ಯುಜಿಸಿಯದೇ 2023ರ ಕುಂದುಕೊರತೆ ನಿಯಮ. ದೂರು ಬಂದು 15 ಕೆಲಸದ ದಿನಗಳಲ್ಲಿ ಸಮಿತಿ ವರದಿ ಕೊಡಬೇಕು. ಅದು ಬಹಳ ಒಳ್ಳೆಯದು. ಆದರೆ ಆ ಸಮಿತಿಯಲ್ಲಿ ವಿದ್ಯಾರ್ಥಿ ಪ್ರತಿನಿಧಿ ಬರೀ ವಿಶೇಷ ಆಹ್ವಾನಿತ. ಕೋರಂ ಎಣಿಸುವಾಗ ಅವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಆರಿಸುವುದೂ ಅಂಕ, ಕ್ರೀಡೆ, ಇತರ ಚಟುವಟಿಕೆ ನೋಡಿ ಸಂಸ್ಥೆಯೇ. ನನಗೆ ಇದು ಸರಿ ಕಾಣುವುದಿಲ್ಲ. ಕಷ್ಟ ಹೇಳಿಕೊಳ್ಳುವವರ ಪರವಾಗಿ ಕೂರುವವರನ್ನು ಕಷ್ಟದಲ್ಲಿರುವವರೇ ಆರಿಸಬೇಕು.

ಈಗ ನಮ್ಮ ಜಿಲ್ಲೆಯ ಮಾತು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇದೆ. ಶಿರಸಿಯಲ್ಲಿ ಕೃಷಿ ವಿಶ್ವವಿದ್ಯಾಲಯದ ಅರಣ್ಯ ಮಹಾವಿದ್ಯಾಲಯ. ಎರಡರ ಮುಖ್ಯ ಕ್ಯಾಂಪಸ್ಸೂ ಧಾರವಾಡದಲ್ಲಿ. ಕಾರವಾರದಿಂದ ಅರಬೈಲ್ ಘಟ್ಟ ಹತ್ತಿ ಧಾರವಾಡಕ್ಕೆ ಹೋಗಿ ಬರುವುದು ಅಂದರೆ ಇಡೀ ದಿನದ ಕೆಲಸ. ಹೀಗೆ ದೂರದಲ್ಲಿರುವ ಸಣ್ಣ ವಿಭಾಗಗಳು ತಲೆ ಎಣಿಕೆಯಲ್ಲಿ ಯಾವತ್ತೂ ಸೋಲುತ್ತವೆ. ಆದ್ದರಿಂದ ಯಾವ ವಿಶ್ವವಿದ್ಯಾಲಯ ಪಿಜಿ ಪರಿಷತ್ತು ಮಾಡಿದರೂ, ಮುಖ್ಯ ಕ್ಯಾಂಪಸ್ಸಿನ ಹೊರಗಿನ ವಿಭಾಗಗಳಿಗೆ ಕಾರ್ಯಕಾರಿ ಸಮಿತಿಯಲ್ಲಿ ಒಂದು ಸ್ಥಾನ ಖಾಯಂ ಇರಬೇಕು. ಆನ್‌ಲೈನಿನಲ್ಲಿ ಕೂತವರೂ ಕೋರಂಗೆ ಸೇರಬೇಕು, ಅವರ ಮತವೂ ನಡೆಯಬೇಕು. ಇದು ಬೈಲಾದಲ್ಲೇ ಇರಬೇಕು, ಯಾರೋ ಅಧ್ಯಕ್ಷರ ಒಳ್ಳೆಯ ಮನಸ್ಸಿಗೆ ಬಿಡುವಂಥದ್ದಲ್ಲ.

ನಮ್ಮವರಿಗೆ ಇದೆಲ್ಲ ಹೊಸದೇನೂ ಅಲ್ಲ. ಶಿರಸಿಯ ತೋಟಗಾರ್ಸ್ ಸೇಲ್ ಸೊಸೈಟಿ ಹುಟ್ಟಿದ್ದು 1923ರಲ್ಲಿ. ಈ ಜಿಲ್ಲೆಯ ಹಳ್ಳಿಹಳ್ಳಿಯಲ್ಲಿ ಸೊಸೈಟಿ ಇದೆ, ಕರಾವಳಿಯಲ್ಲಿ ಮೀನುಗಾರರ ಸಂಘಗಳಿವೆ. ವಾರ್ಷಿಕ ಸಭೆಗೆ ಮುಂಚೆ ವರದಿ ಪುಸ್ತಕ ಮನೆಗೆ ಬರುತ್ತದೆ. ನಾಲ್ಕು ಎಕರೆ ತೋಟ ಇರುವವರೂ, ಹತ್ತು ಗುಂಟೆ ಇರುವವರೂ ಅದನ್ನು ಕನ್ನಡಕ ಹಾಕಿಕೊಂಡು ಓದುತ್ತಾರೆ. ಸಭೆಯಲ್ಲಿ ಎದ್ದು, ದುರಸ್ತಿ ಖರ್ಚು ಹೋದ ವರ್ಷಕ್ಕಿಂತ ಯಾಕೆ ಜಾಸ್ತಿ ಅಂತ ಕೇಳುತ್ತಾರೆ. ಮ್ಯಾನೇಜರ್ ಉತ್ತರ ಕೊಡಲೇಬೇಕು. ಈ ಮನೆಗಳ ಮಕ್ಕಳೇ ಪಿಜಿ ಸೇರುತ್ತಾರೆ. ಅವರು ಕಟ್ಟುವ ಯೂನಿಯನ್ ಫೀಸ್ ಎಲ್ಲಿ ಹೋಯಿತು ಅಂತ ಅವರಿಗೆ ಒಂದು ಹಾಳೆಯ ಜಮಾಖರ್ಚೂ ಸಿಗುವುದಿಲ್ಲ ಅಂದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ರಾಜಕೀಯ ಬಂದುಬಿಡುತ್ತದೆ ಅನ್ನುವವರಿದ್ದಾರೆ. ಅವರ ಭಯ ಸುಳ್ಳಲ್ಲ. ಗುದ್ದಾಟದಲ್ಲಿ ಹುಡುಗರ ಭವಿಷ್ಯ ಹಾಳಾದದ್ದನ್ನು ಹಿಂದಿನ ತಲೆಮಾರು ನೋಡಿದೆ. ಆದರೆ ಮೂವತ್ತು, ನಲವತ್ತು ಜನರಿರುವ ಪಿಜಿ ವಿಭಾಗದಲ್ಲಿ ಪ್ರಚಾರ, ಮೆರವಣಿಗೆ ಯಾವುದೂ ಬೇಡ. ಎಲ್ಲರೂ ಸದಸ್ಯರು, ಎಲ್ಲರೂ ಒಂದು ಕೋಣೆಯಲ್ಲಿ ಕೂತು ಚೀಟಿ ಹಾಕಿದರೆ ಆಯಿತು. ಕಷ್ಟ ಇರುವುದು ಚುನಾವಣೆಯಲ್ಲಿ ಅಲ್ಲ, ಅದರ ಮರುದಿನದಿಂದ. ಎಂಎಸ್ಸಿ ಎರಡು ವರ್ಷ. ಕೆಲಸ ಗೊತ್ತಾಗುವಷ್ಟರಲ್ಲಿ ಅವರು ಹೊರಟಿರುತ್ತಾರೆ. ಮುಂದಿನವರು ಮತ್ತೆ ಸೊನ್ನೆಯಿಂದ ಶುರು ಮಾಡುತ್ತಾರೆ. ಅದಕ್ಕೇ ಕಾರ್ಯದರ್ಶಿ ಸ್ಥಾನವನ್ನು ಪಿಎಚ್‌ಡಿಯವರಿಗೆ ಕೊಡಬೇಕು ಅನ್ನುತ್ತೇನೆ. ಅವರು ಐದಾರು ವರ್ಷ ಅಲ್ಲೇ ಇರುತ್ತಾರೆ. ಹಿಂದಿನ ಪತ್ರ ಎಲ್ಲಿದೆ, ಯಾವ ಅಧಿಕಾರಿ ಏನು ಒಪ್ಪಿದ್ದರು ಅನ್ನುವುದು ಅವರಿಗೆ ನೆನಪಿರುತ್ತದೆ. ಹಳೆಯ ಸಮಿತಿ ಇಳಿಯುವ ಮುಂಚೆ ಹೊಸ ಸಮಿತಿ ಆಯ್ಕೆಯಾಗಿ, ಒಂದೆರಡು ತಿಂಗಳು ಜೊತೆಗೇ ಕೂರಬೇಕು. ಬ್ಯಾಂಕ್ ಖಾತೆಗೆ ಖಜಾಂಚಿಯದೂ ಒಬ್ಬ ಅಧ್ಯಾಪಕರದೂ ಜಂಟಿ ಸಹಿ ಇರಲಿ. ಅಧ್ಯಾಪಕರು ಲೆಕ್ಕ ನೋಡಲಿ, ಯಾವುದಕ್ಕೆ ಖರ್ಚು ಅನ್ನುವುದನ್ನು ವಿದ್ಯಾರ್ಥಿಗಳ ಸಭೆ ತೀರ್ಮಾನಿಸಲಿ.

ಮೊದಲ ವರ್ಷ ದೊಡ್ಡದೇನೂ ಬೇಡ. ಯುಜಿಸಿಯ 2022ರ ಪಿಎಚ್‌ಡಿ ನಿಯಮಗಳನ್ನು ಕನ್ನಡದಲ್ಲಿ ಎರಡು ಪುಟ ಮಾಡಿ ನೋಟಿಸ್ ಬೋರ್ಡಿಗೆ ಹಾಕಿದರೂ ಅರ್ಧ ಕೆಲಸ ಆದಂತೆ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು, ಮೇಲೆ ಎರಡು ವರ್ಷ ವಿಸ್ತರಣೆ ಕೇಳಬಹುದು. ಮಹಿಳೆಯರಿಗೆ ಇನ್ನೂ ಎರಡು ವರ್ಷ ಸಡಿಲಿಕೆ ಇದೆ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನದ ತನಕ ರಜೆ ಇದೆ. ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿ ನಿಮ್ಮ ಕೆಲಸ ನೋಡಲೇಬೇಕು. ಇದೆಲ್ಲ ಗೊತ್ತಿಲ್ಲದೆ ಗರ್ಭಿಣಿಯಾಗಿದ್ದಾಗ ನೋಂದಣಿ ಬಿಟ್ಟವರನ್ನು ನಾನು ಬಲ್ಲೆ.

ಕಾರವಾರ, ಕುಮಟೆ, ಶಿರಸಿ, ಹೊನ್ನಾವರ ಯಾವ ಕಡೆಯೇ ಇರಲಿ, ಪಿಜಿ ಅಥವಾ ಪಿಎಚ್‌ಡಿ ಮಾಡುತ್ತಿರುವವರು ಹತ್ತು ಜನ ಸೇರಿದರೆ ಬೈಲಾದ ಕರಡು ಬರೆಯಲು ನಾನೂ ಬಂದು ಕೂರುತ್ತೇನೆ. ಬರುವಾಗ ನಿಮ್ಮ ಫೀಸ್ ರಶೀದಿ ತನ್ನಿ. ಅದರಲ್ಲಿ ಯೂನಿಯನ್ ಅಂತ ಎಷ್ಟು ಹಿಡಿದಿದ್ದಾರೆ ಅನ್ನುವುದರಿಂದಲೇ ಶುರು ಮಾಡೋಣ.