ಸೆಟ್ ಟಾಪ್ ಬಾಕ್ಸ್ ಬದಲಿಸೋಕೆ ಮುಂಚೆ
ಚಿತ್ರ ಚೌಕ ಚೌಕವಾಗಿ ಒಡೆದರೆ ಸೆಟ್ ಟಾಪ್ ಬಾಕ್ಸ್ ಬದಲಿಸಿ ಅಂತ ಒಂದು ಲೇಖನದಲ್ಲಿ ಓದಿದೆ. ಸುಮ್ನೆ ದುಡ್ಡು ದಂಡ ಅಲ್ವಾ? ನಮ್ಮ ಕೊಪ್ಪಳದ ಹಳ್ಳಿಗಳಲ್ಲಿ ದೂರದರ್ಶನದ ಉಚಿತ ಡಿಶ್ ಸೇವೆ ಡಿಡಿ ಫ್ರೀ ಡಿಶ್ ಇಟ್ಟುಕೊಂಡವರು ಮೊದಲು ಮೆನುವಿನಲ್ಲಿ ಸಿಗ್ನಲ್ ನೋಡಿ. ಸ್ಟ್ರೆಂತ್ ಚೆನ್ನಾಗಿದ್ದು ಕ್ವಾಲಿಟಿ ಸೊನ್ನೆ ಇದ್ದರೆ, ಹೆಚ್ಚಾಗಿ ಗಾಳಿಗೆ ಡಿಶ್ ತಿರುಗಿರುತ್ತದೆ. ಫ್ರೀ ಡಿಶ್ ಸಿಗ್ನಲ್ ಕಳಿಸುವ ಜಿಸ್ಯಾಟ್-15 ಉಪಗ್ರಹ ಇರುವುದು 93.5 ಡಿಗ್ರಿ ಪೂರ್ವ ರೇಖಾಂಶದಲ್ಲಿ, ನಮಗೆ ಅದು ಆಗ್ನೇಯ ದಿಕ್ಕು. ಆ ಕಡೆ ಬೇವಿನ ಗಿಡ ಬೆಳೆದು ಅಡ್ಡ ಬಂದಿದ್ದರೂ ಇದೇ ಗೋಳು. ಜೋರು ಮಳೆಯಲ್ಲಿ ಸಿಗ್ನಲ್ ಹೋಗುವುದು ಮಾಮೂಲಿ, ಅದಕ್ಕೆ ಏನೂ ಮಾಡಬೇಡಿ. ಮಳೆ ನಿಂತರೂ ಬರದಿದ್ದರೆ ಬಾಕ್ಸ್ ಆಫ್ ಮಾಡಿ, ಡಿಶ್ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿ ಹತ್ತಿರದ ಕೇಬಲ್ ಕನೆಕ್ಟರ್ ಬಿಚ್ಚಿ. ಒಳಗಿನ ತಂತಿ ಹಸಿರುಗಟ್ಟಿದ್ದರೆ ನೀರು ಇಳಿದಿದೆ ಅಂತ ಲೆಕ್ಕ. ಆ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿ, ಮೇಲೆ ಟೇಪ್ ಸುತ್ತಿ.